ಒಬ್ಬರದೇ ರಕ್ತ, ಎರಡು ಲ್ಯಾಬ್, ಎರಡು ರಿಪೋರ್ಟ್

ಓದುಗರ ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಅವ್ವನಿಗೆ 61 ವರ್ಷ. ಎಂಟು ವರ್ಷಗಳಿಂದ ಶುಗರ್ ಮತ್ತು ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಾಳೆ. ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ಪಟ್ಟಣದ ಲ್ಯಾಬಿನ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಖಾಲಿ ಹೊಟ್ಟೆಯಲ್ಲಿರಬೇಕು ಎಂದಿದ್ದರಿಂದ ಅವ್ವ ರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಹಿಂದಿನ ದಿನ ಸೋಮವಾರದ ಒಪ್ಪತ್ತು. ಮಧ್ಯಾಹ್ನ ಮೂರಕ್ಕೆ ಬಾಳೆಹಣ್ಣು, ಹಾಲು ಬಿಟ್ಟರೆ ಹೊಟ್ಟೆಗೆ ಏನೂ ಇರಲಿಲ್ಲ. ನರ ಸಿಗದೆ ಹುಡುಗ ಬಹಳ ಒದ್ದಾಡಿದ, ರಬ್ಬರ್ ಪಟ್ಟಿ ಬಿಗಿದು ಮುಷ್ಟಿ ಹಿಡಿದು ಬಿಡಿಸಿ ಮಾಡಿಸಿದ. ಆದರೂ ಪಾಪ, ಒಂದು ಹನಿ ಚೆಲ್ಲಲಿಲ್ಲ. ಸಿರಿಂಜಿನಿಂದ ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿ, ಅದರಲ್ಲಿ ಹೆಚ್ಚಾಗಿದ್ದನ್ನು ಕೆಂಪು ಮುಚ್ಚಳದ ಟ್ಯೂಬಿಗೆ ಸುರಿದುಕೊಂಡ. ಆಮೇಲೆ ಇನ್ನೂ ಮೂರು ಹಳ್ಳಿ ಸುತ್ತಿ ಮಧ್ಯಾಹ್ನ ಲ್ಯಾಬ್ ಮುಟ್ಟಿದನಂತೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಮ್ 6.1 ಬಂದಿತ್ತು. ಡಾಕ್ಟರು ಗಾಬರಿಯಾಗಿ ರಾಯಚೂರಿಗೆ ಕಳಿಸಿದರು. ಮರುದಿನ ಅಲ್ಲಿ ಇ.ಸಿ.ಜಿ. ಸರಿಯಿದೆ, ಪೊಟ್ಯಾಸಿಯಮ್ 4.4 ಅಂದರು. ಎರಡರಲ್ಲಿ ಯಾವ ಲ್ಯಾಬ್ ಸುಳ್ಳು? ಮುಂದೆ ಮನೆಯಲ್ಲಿ ರಕ್ತ ಕೊಡಬೇಕೋ, ರಾಯಚೂರಿಗೇ ಹೋಗಬೇಕೋ? ಖಾಲಿ ಹೊಟ್ಟೆ ಎಂದರೆ ನೀರು, ಗುಳಿಗೆ ಎರಡೂ ಬೇಡವೇ? ಇಷ್ಟು ಸಲ ರಕ್ತ ತೆಗೆದರೆ ಅವ್ವನಿಗೆ ನಿಶ್ಶಕ್ತಿ ಆಗುವುದಿಲ್ಲವೇ? ಈಗ ಮೂತ್ರದ ಕಲ್ಚರ್ ಬೇರೆ ಬರೆದುಕೊಟ್ಟಿದ್ದಾರೆ. ಅದನ್ನು ಮನೆಯಿಂದ ಬಾಟಲಿಯಲ್ಲಿ ತರಬಹುದೇ?

ಉತ್ತರ: ನೀವು ಕಳಿಸಿದ ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ್ದೇನೆ. ಮೊದಲಿಗೇ ಹೇಳುವುದಾದರೆ, ಎರಡು ಲ್ಯಾಬುಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ ಎಂದು ನನಗೆ ತೋರುತ್ತದೆ. ಮೊದಲ ಲ್ಯಾಬಿನ ಯಂತ್ರ ಆ ಟ್ಯೂಬಿನಲ್ಲಿ ಇದ್ದದ್ದನ್ನು ಸರಿಯಾಗಿಯೇ ಅಳೆದಿದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಆ ಟ್ಯೂಬಿನಲ್ಲಿ ಇದ್ದದ್ದು ಬೆಳಿಗ್ಗೆ ಆರೂವರೆಗೆ ನಿಮ್ಮ ತಾಯಿಯವರ ಮೈಯಲ್ಲಿ ಹರಿಯುತ್ತಿದ್ದ ರಕ್ತದಂತೆ ಉಳಿದಿರಲಿಲ್ಲ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ರಕ್ತದ ಮಾದರಿಗಳ ನಡುವೆಯೇ ಕೆಲಸ ಮಾಡಿದವನಾಗಿ ಹೇಳುವುದಾದರೆ, ಯಂತ್ರ ಕೆಟ್ಟು ತಪ್ಪು ರಿಪೋರ್ಟ್ ಬರುವುದು ಅಪರೂಪ. ತೋಳಿನಿಂದ ಯಂತ್ರದವರೆಗಿನ ದಾರಿಯಲ್ಲಿ ಕೆಟ್ಟು ಬರುವುದೇ ಹೆಚ್ಚು.

ನಾನು ಹೀಗೆ ಹೇಳುವುದಕ್ಕೆ ಕಾರಣ ನಿಮ್ಮ ರಿಪೋರ್ಟಿನಲ್ಲೇ ಇದೆ. ಎಲ್ಲರ ಕಣ್ಣೂ ಪೊಟ್ಯಾಸಿಯಮ್ಮಿನ ಮೇಲೆ ಬಿದ್ದಿದ್ದರಿಂದ ಅದರ ಎರಡು ಸಾಲು ಕೆಳಗಿದ್ದ ಕ್ಯಾಲ್ಸಿಯಮ್ಮನ್ನು ಯಾರೂ ಗಮನಿಸಿದಂತಿಲ್ಲ. ಮಂಗಳವಾರ ಅದು 6.4 ಇತ್ತು, ಬುಧವಾರ 9.3. ಆರೋಗ್ಯವಂತರಲ್ಲಿ ಅದು ಸುಮಾರು 8.5ರಿಂದ 10.5ರವರೆಗೆ ಇರುತ್ತದೆ. ನಿಜವಾಗಿಯೂ 6.4ಕ್ಕೆ ಇಳಿದಿದ್ದರೆ ನಿಮ್ಮ ತಾಯಿಯವರಿಗೆ ತುಟಿ, ಬೆರಳ ತುದಿ ಜುಮ್ಮೆನ್ನುವುದು, ಕೈಕಾಲು ಸೆಟೆದುಕೊಳ್ಳುವುದು ಇವೆಲ್ಲ ಬಹುಶಃ ಇರುತ್ತಿದ್ದವು, ಮತ್ತು ಚಿಕಿತ್ಸೆಯಿಲ್ಲದೆ ಒಂದೇ ರಾತ್ರಿಯಲ್ಲಿ ಅದು ಸರಿಹೋಗುತ್ತಿರಲಿಲ್ಲ. ಪೊಟ್ಯಾಸಿಯಮ್ ಏರಿ, ಅದೇ ಹೊತ್ತಿಗೆ ಕ್ಯಾಲ್ಸಿಯಮ್ ಕುಸಿದಿದೆ ಎಂದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಮೊದಲು ನೆನಪಾಗುವುದು ನೇರಳೆ ಮುಚ್ಚಳದ ಟ್ಯೂಬು. ಆ ಟ್ಯೂಬಿನ ಒಳಗೋಡೆಗೆ ಇ.ಡಿ.ಟಿ.ಎ. ಎಂಬ ಪೊಟ್ಯಾಸಿಯಮ್ ಲವಣವನ್ನು ಸವರಿರುತ್ತಾರೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಮ್ ಬೇಕು. ಈ ಲವಣ ಕ್ಯಾಲ್ಸಿಯಮ್ಮನ್ನು ಹಿಡಿದು ಕಟ್ಟಿಹಾಕುವುದರಿಂದ ಆ ಟ್ಯೂಬಿನ ರಕ್ತ ನೀರಾಗಿಯೇ ಉಳಿಯುತ್ತದೆ, ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆಗೆ ಅದು ಸರಿಯಾಗಿ ಒದಗುತ್ತದೆ. ಆದರೆ ಅದೇ ರಕ್ತದ ಸ್ವಲ್ಪ ಭಾಗ ಕೆಂಪು ಮುಚ್ಚಳದ ಟ್ಯೂಬಿಗೆ ಸೇರಿದರೆ, ಅದರ ಜೊತೆಗೆ ಪೊಟ್ಯಾಸಿಯಮ್ಮೂ ಬರುತ್ತದೆ, ಕ್ಯಾಲ್ಸಿಯಮ್ ಕಟ್ಟುವ ಲವಣವೂ ಬರುತ್ತದೆ. ಒಂದು ಹನಿಯೂ ಚೆಲ್ಲಲಿಲ್ಲ ಎಂದು ನೀವು ಮೆಚ್ಚಿ ಬರೆದ ಆ ಸುರಿದುಕೊಂಡ ರಕ್ತವೇ ನಿಮ್ಮನ್ನು ರಾಯಚೂರಿಗೆ ಓಡಿಸಿದ್ದು ಎಂಬುದು ನನ್ನ ಬಲವಾದ ಅನುಮಾನ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ರಕ್ತ ಸುರಿಯುವುದು ನಮ್ಮ ವೃತ್ತಿಯಲ್ಲಿ ಯಾವ ಕಾರಣಕ್ಕೂ ಮಾಡಬಾರದ ಕೆಲಸ. ತುಂಬುವುದಕ್ಕೂ ಒಂದು ಕ್ರಮವಿದೆ: ಕೆಂಪು ಅಥವಾ ಹಳದಿ ಮುಚ್ಚಳದ್ದು ಮೊದಲು, ನೇರಳೆ ಅದರ ನಂತರ, ಶುಗರಿಗೆಂದು ಇರುವ ಬೂದು ಬಣ್ಣದ್ದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಇರುವುದೇ ಒಂದರ ಔಷಧ ಇನ್ನೊಂದಕ್ಕೆ ತಗುಲದಿರಲಿ ಎಂದು.

ಇನ್ನೊಂದು ಕಾರಣವೂ ಇದಕ್ಕೆ ಕೂಡಿಕೊಂಡಿರಬಹುದು. ನಮ್ಮ ಮೈಯ ಪೊಟ್ಯಾಸಿಯಮ್ ಬಹುಪಾಲು ಜೀವಕೋಶಗಳ ಒಳಗಿರುತ್ತದೆ. ಕೆಂಪು ರಕ್ತಕಣದೊಳಗಿನ ಪ್ರಮಾಣ ಹೊರಗಿನ ದ್ರವದಲ್ಲಿ ಇರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಕೆಲವೇ ಕಣಗಳು ಒಡೆದರೂ ಅಂಕಿ ಏರುತ್ತದೆ. ಸಿರಿಂಜಿನ ದಂಟನ್ನು ರಭಸದಿಂದ ಎಳೆದಾಗ, ಸೂಜಿಯ ಮೂಲಕವೇ ಒತ್ತಿ ಟ್ಯೂಬಿಗೆ ತುಂಬಿದಾಗ, ಟ್ಯೂಬನ್ನು ಜೋರಾಗಿ ಕುಲುಕಿದಾಗ ಕಣಗಳು ಒಡೆಯುತ್ತವೆ. ಪಟ್ಟಿ ಬಿಗಿದಿರುವಾಗ ಮುಷ್ಟಿಯನ್ನು ಮತ್ತೆ ಮತ್ತೆ ಹಿಡಿದು ಬಿಡುವುದರಿಂದಲೂ ಸ್ನಾಯುಗಳಿಂದ ಪೊಟ್ಯಾಸಿಯಮ್ ಹೊರಬಂದು ಅಂಕಿ ಗಮನಾರ್ಹವಾಗಿ ಏರಬಹುದು. ಮುಷ್ಟಿ ಹಿಡಿಸುವುದು ನಮ್ಮ ಭಾಗದಲ್ಲಿ ಎಷ್ಟು ರೂಢಿಯೆಂದರೆ, ಹೇಳದಿದ್ದರೂ ಜನರೇ ಶುರುಮಾಡುತ್ತಾರೆ. ಒಮ್ಮೆ ಮುಷ್ಟಿ ಹಿಡಿದು ಸುಮ್ಮನಿದ್ದರೆ ಸಾಕು; ಪಟ್ಟಿಯೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು.

ಈಗ ಶುಗರಿನ ಸಾಲು ನೋಡಿ. ಮಂಗಳವಾರ ಖಾಲಿ ಹೊಟ್ಟೆಯ ಶುಗರ್ 97, ಬುಧವಾರ 138. ಮೊದಲ ರಿಪೋರ್ಟಿನಲ್ಲೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.1 ಎಂದಿದೆ. ಅದನ್ನು ಶುಗರಿನ ಲೆಕ್ಕಕ್ಕೆ ತಿರುಗಿಸಿದರೆ ಸರಾಸರಿ ಸುಮಾರು 186 ಆಗುತ್ತದೆ. ಹಾಗಿರುವವರಿಗೆ 97 ಬಂದಾಗ ಸಂತೋಷಪಡುವ ಮೊದಲು ಟ್ಯೂಬು ಎಷ್ಟು ಹೊತ್ತು ಕಾದಿತ್ತು ಎಂದು ಕೇಳಬೇಕು. ರಕ್ತಕಣಗಳು ಮೈಯಿಂದ ಹೊರಬಂದ ಮೇಲೂ ಬದುಕಿರುತ್ತವೆ ಮತ್ತು ಟ್ಯೂಬಿನಲ್ಲಿರುವ ಸಕ್ಕರೆಯನ್ನೇ ತಿನ್ನುತ್ತಿರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಶುಗರ್ ಹೀಗೆ ಖರ್ಚಾಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಆರೂವರೆಯಿಂದ ಮಧ್ಯಾಹ್ನದವರೆಗೆ ಐದೂವರೆ ಗಂಟೆ; 138ರಿಂದ ಇಳಿಯುತ್ತ ಬಂದರೆ 97ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ದಿನದಿಂದ ದಿನಕ್ಕೆ ಶುಗರ್ ನಿಜವಾಗಿಯೂ ಏರಿಳಿಯುವುದುಂಟು, ಹಾಗಾಗಿ ವ್ಯತ್ಯಾಸವೆಲ್ಲ ಇದರಿಂದಲೇ ಎಂದು ನಾನು ಆಣೆ ಮಾಡಲಾರೆ. ಆದರೆ ಕಣಗಳ ಈ ತಿನ್ನಾಟವನ್ನು ನಿಲ್ಲಿಸುವ ಔಷಧವಿರುವ ಬೂದು ಮುಚ್ಚಳದ ಟ್ಯೂಬನ್ನು ಹುಡುಗ ಬಳಸಲೇ ಇಲ್ಲ ಎಂಬುದು ನಿಮ್ಮ ಪತ್ರದಿಂದ ಸ್ಪಷ್ಟವಾಗಿದೆ. ಪೊಟ್ಯಾಸಿಯಮ್ಮಿನ ಗದ್ದಲದಲ್ಲಿ ಈ 97 ಯಾರಿಗೂ ಕಾಣದೆ ಹೋಯಿತು. ನಿಜಕ್ಕೂ ಇಂಥ ಸುಳ್ಳು ಸಮಾಧಾನವೇ ಹೆಚ್ಚು ಅಪಾಯಕಾರಿ, ಏಕೆಂದರೆ ಗಾಬರಿಗೊಂಡವರು ಮರುಪರೀಕ್ಷೆ ಮಾಡಿಸುತ್ತಾರೆ, ಸಮಾಧಾನಗೊಂಡವರು ಮಾಡಿಸುವುದಿಲ್ಲ. ಅಂದಹಾಗೆ ನೇರಳೆ ಟ್ಯೂಬಿನಲ್ಲಿ ನೋಡಿದ ಹಿಮೋಗ್ಲೋಬಿನ್ ಎರಡೂ ದಿನ ಹೆಚ್ಚು ಕಡಿಮೆ ಒಂದೇ ಇದೆ, 10.8 ಮತ್ತು 10.6. ಮೊದಲ ಲ್ಯಾಬಿನ ಯಂತ್ರದ ಮೇಲೆ ನನಗೆ ಸಂಶಯ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಟ್ಯೂಬನ್ನು ಐಸಿನಲ್ಲಿಟ್ಟು ಒಯ್ದಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಶುಗರಿನ ಮಟ್ಟಿಗೆ ಅದು ನೆರವಾಗುತ್ತಿತ್ತು, ಪೊಟ್ಯಾಸಿಯಮ್ಮಿನ ಮಟ್ಟಿಗೆ ಕೆಡುಕಾಗುತ್ತಿತ್ತು. ಕಣದೊಳಗೆ ಪೊಟ್ಯಾಸಿಯಮ್ಮನ್ನು ಹಿಡಿದಿಡುವ ವ್ಯವಸ್ಥೆ ಚಳಿಯಲ್ಲಿ ನಿಧಾನವಾಗುವುದರಿಂದ ಅದು ಹೊರಗೆ ಸೋರುತ್ತದೆ. ಸೆಕೆಯಲ್ಲಿ ಕೆಲವು ಗಂಟೆಗಳವರೆಗೆ ಇದಕ್ಕೆ ವಿರುದ್ಧವಾಗಿ ಅಂಕಿ ಇಳಿಯಲೂಬಹುದು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಟ್ಯೂಬಿನಿಂದ ಪೊಟ್ಯಾಸಿಯಮ್ ನಾರ್ಮಲ್ ಎಂದು ಬಂದರೆ ಅದನ್ನೂ ನಾನು ಪೂರ್ತಿ ನಂಬುವುದಿಲ್ಲ. ಇದಕ್ಕೆ ಸರಿಯಾದ ಪರಿಹಾರ ಐಸಲ್ಲ. ರಕ್ತ ತೆಗೆದು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಮೇಲಿನ ತಿಳಿಯಾದ ಸೀರಮ್ಮನ್ನು ಕಣಗಳಿಂದ ಬೇರ್ಪಡಿಸುವುದು. ಹಳದಿ ಮುಚ್ಚಳದ ಟ್ಯೂಬುಗಳಲ್ಲಿ ಒಂದು ಬಗೆಯ ಜೆಲ್ ಇರುತ್ತದೆ; ತಿರುಗಿಸಿದಾಗ ಅದು ನಡುವೆ ಗೋಡೆಯಂತೆ ನಿಲ್ಲುವುದರಿಂದ, ಆಮೇಲೆ ಅದನ್ನು ತಂಪಾಗಿ ಬೆಂಗಳೂರಿಗೆ ಕಳಿಸಿದರೂ ಅಂಕಿಗಳು ಬಹುಮಟ್ಟಿಗೆ ಉಳಿಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಡಾಕ್ಟರು ಗಾಬರಿಯಾದದ್ದು ಸರಿಯೇ ಎಂದು ಒತ್ತಿ ಹೇಳುತ್ತೇನೆ. ಪೊಟ್ಯಾಸಿಯಮ್ ನಿಜವಾಗಿಯೂ 6 ದಾಟಿದರೆ ಹೃದಯದ ಬಡಿತ ತಪ್ಪಬಹುದು. ನಿಮ್ಮ ತಾಯಿಯವರು ತೆಗೆದುಕೊಳ್ಳುವ ಬಿ.ಪಿ. ಗುಳಿಗೆ ಟೆಲ್ಮಿಸಾರ್ಟನ್, ಅದು ಪೊಟ್ಯಾಸಿಯಮ್ಮನ್ನು ಏರಿಸಬಲ್ಲ ಗುಂಪಿಗೆ ಸೇರಿದ್ದು, ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ. ಇಂಥವರಲ್ಲಿ ಅಂಕಿ ಸುಳ್ಳಿರಬಹುದು ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ಅದೇ ದಿನ ಇ.ಸಿ.ಜಿ. ಮಾಡಿಸಿ, ಹೊಸದಾಗಿ ರಕ್ತ ಕೊಟ್ಟು ನೋಡಬೇಕು. ಮರುದಿನದವರೆಗೆ ಕಾದಿದ್ದಷ್ಟೇ ನನಗೆ ಸರಿಕಾಣದ ಸಂಗತಿ.

ಖಾಲಿ ಹೊಟ್ಟೆಯ ವಿಚಾರಕ್ಕೆ ಬರೋಣ. ಇದು ಬರಿಯ ನಿಮ್ಮ ತಾಯಿಯವರ ತಪ್ಪು ತಿಳಿವಳಿಕೆಯಲ್ಲ. ಹೇಳುವವರು 'ಏನೂ ತಗೋಬ್ಯಾಡ್ರಿ' ಎಂದಷ್ಟೇ ಹೇಳಿದರೆ ಕೇಳುವವರು ನೀರನ್ನೂ ಬಿಡುತ್ತಾರೆ. ರಕ್ತಪರೀಕ್ಷೆಯ ಉಪವಾಸವೆಂದರೆ ಊಟ, ಚಾ, ಹಾಲು, ಎಳನೀರು, ಎಲೆಅಡಿಕೆ, ಬೀಡಿ ಬಿಡುವುದು. ಸಾದಾ ನೀರು ಕುಡಿಯಬಹುದು, ಕುಡಿಯಬೇಕು. ನೀರು ಕುಡಿಯದೆ ಮೈ ಒಣಗಿದಾಗ ರಕ್ತನಾಳಗಳು ಕುಗ್ಗಿ ಕೈಗೆ ಸಿಗುವುದಿಲ್ಲ. ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದರೆ ಅಲ್ಲಿಂದಲೇ ಎಳೆ ಸಿಗುತ್ತದೆ: ನೀರಿಲ್ಲದ್ದರಿಂದ ನರ ಸಿಗಲಿಲ್ಲ, ನರ ಸಿಗದ್ದರಿಂದ ಪಟ್ಟಿ ಹೆಚ್ಚು ಹೊತ್ತು ಬಿಗಿದಿತ್ತು, ಮುಷ್ಟಿ ಹಿಡಿಸಿ ಸಿರಿಂಜ್ ಎಳೆಯಬೇಕಾಯಿತು, ಕಷ್ಟಪಟ್ಟು ಬಂದ ರಕ್ತ ಕಡಿಮೆಯಾದ್ದರಿಂದ ಒಂದರಿಂದ ಇನ್ನೊಂದಕ್ಕೆ ಸುರಿಯಬೇಕಾಯಿತು. ಬೆಳಿಗ್ಗೆ ಎದ್ದು ಒಂದು ಚೊಂಬಲ್ಲದಿದ್ದರೂ ಒಂದೆರಡು ಲೋಟ ನೀರು ಕುಡಿದಿದ್ದರೆ ಇದರಲ್ಲಿ ಅರ್ಧ ತಪ್ಪುತ್ತಿತ್ತು.

ಉಪವಾಸದ ಅವಧಿಯೂ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಶುಗರಿಗೆ ಕನಿಷ್ಠ 8 ಗಂಟೆ, ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡಿಗೆ 10ರಿಂದ 12 ಗಂಟೆ ಸಾಕು. ರಾತ್ರಿ ಎಂಟಕ್ಕೆ ಎಂದಿನಂತೆ ರೊಟ್ಟಿಯನ್ನೋ ಅನ್ನವನ್ನೋ ಉಂಡು ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟರೆ ಎಲ್ಲವೂ ಹೊಂದುತ್ತದೆ. ಒಪ್ಪತ್ತಿನ ಮರುದಿನ, ಏಕಾದಶಿಯ ಮರುದಿನ, ಜಾತ್ರೆ ಮದುವೆಯ ಊಟದ ಮರುದಿನ ಪರೀಕ್ಷೆ ಬೇಡ. ಹದಿನೈದು ಹದಿನಾರು ಗಂಟೆ ಹಸಿದ ಮೈ ತನ್ನ ಕೂಡಿಟ್ಟ ಕೊಬ್ಬನ್ನೂ ಸಕ್ಕರೆಯನ್ನೂ ಕರಗಿಸತೊಡಗುವುದರಿಂದ ನಿತ್ಯದ ಸ್ಥಿತಿ ತಿಳಿಯುವುದಿಲ್ಲ. ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಕಿಡ್ನಿಯ ಕ್ರಿಯಾಟಿನಿನ್ ಇವುಗಳಿಗೆ ಉಪವಾಸವೇ ಬೇಕಿಲ್ಲ. ರಿಪೋರ್ಟ್ ಚೆನ್ನಾಗಿ ಬರಲಿ ಎಂದು ಎರಡು ದಿನ ಅನ್ನ ಬಿಟ್ಟು ಬರುವವರನ್ನೂ ನಾನು ಬಹಳ ನೋಡಿದ್ದೇನೆ. ಅವರ ಖಾಲಿ ಹೊಟ್ಟೆಯ ಶುಗರ್ ಪಾಸಾಗುತ್ತದೆ, ಎಚ್‌ಬಿಎ1ಸಿ ಮೂರು ತಿಂಗಳ ಚಾಡಿ ಹೇಳಿಬಿಡುತ್ತದೆ.

ಗುಳಿಗೆಗಳಲ್ಲಿ ಶುಗರಿನದಕ್ಕೂ ಬಿ.ಪಿ.ಯದಕ್ಕೂ ಬೇರೆ ಬೇರೆ ನಡವಳಿಕೆ. ಬಿ.ಪಿ. ಗುಳಿಗೆಯನ್ನು ಸಾಮಾನ್ಯವಾಗಿ ಎಂದಿನ ಹೊತ್ತಿಗೆ ನೀರಿನೊಂದಿಗೆ ತೆಗೆದುಕೊಳ್ಳಬಹುದು. ಶುಗರಿನ ಗುಳಿಗೆ ಅಥವಾ ಇನ್ಸುಲಿನ್ನನ್ನು ಖಾಲಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿಯ ಜೊತೆಗೆ ತೆಗೆದುಕೊಳ್ಳಬೇಕು. ಮೊದಲೇ ತೆಗೆದುಕೊಂಡು ಲ್ಯಾಬಿನ ಸಾಲಿನಲ್ಲಿ ಹಸಿದು ಕುಳಿತರೆ ಶುಗರ್ ಕುಸಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಹಾಗಾದರೆ ಪರೀಕ್ಷೆಯ ಚಿಂತೆ ಬಿಟ್ಟು ತಕ್ಷಣ ಸಕ್ಕರೆಯೋ ಬೆಲ್ಲವೋ ಬಾಯಿಗೆ ಹಾಕಿಕೊಳ್ಳಬೇಕು. ಊಟದ ನಂತರದ ಶುಗರಿಗೆ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಮತ್ತು ಆ ದಿನ ಎಂದಿನ ತಿಂಡಿ, ಎಂದಿನ ಗುಳಿಗೆ ಎರಡೂ ಇರಬೇಕು. ಲ್ಯಾಬಿನ ಎದುರಿನ ಮಿರ್ಚಿ ಮಂಡಕ್ಕಿ ತಿಂದು ಕೊಟ್ಟ ರಕ್ತ ಆ ಮಿರ್ಚಿ ಮಂಡಕ್ಕಿಯ ರಿಪೋರ್ಟನ್ನೇ ಕೊಡುತ್ತದೆ. ರಕ್ತ ತೆಳುವಾಗಿಸುವ ಗುಳಿಗೆಯನ್ನಂತೂ ಸ್ವಂತ ನಿರ್ಧಾರದಿಂದ ಎಂದೂ ಬಿಡಬಾರದು.

ನಿಶ್ಶಕ್ತಿಯ ಭಯ ಬೇಡ. ಮೂರು ನಾಲ್ಕು ಟ್ಯೂಬು ಸೇರಿಸಿದರೂ 10ರಿಂದ 15 ಮಿಲಿಲೀಟರ್, ಅಂದರೆ ಎರಡು ಮೂರು ಚಹಾ ಚಮಚ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ರಕ್ತದಾನದಲ್ಲಿ 350 ಮಿಲಿಲೀಟರ್ ಕೊಟ್ಟು ಜನ ಅದೇ ದಿನ ಮನೆಗೆ ಹೋಗುತ್ತಾರೆ. ನಿಮ್ಮ ತಾಯಿಯವರ ಸುಸ್ತಿಗೆ ಹಿಮೋಗ್ಲೋಬಿನ್ 10.6 ಇರುವುದು ಕಾರಣವಾಗಿರಬಹುದು, ಅದನ್ನು ಡಾಕ್ಟರಿಗೆ ತೋರಿಸಿ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ಕಾಣುವುದೂ ಉಂಟು. ಆ ದೃಷ್ಟಿಯಿಂದಲೂ ಅದನ್ನು ನೋಡಿಸುವುದು ಒಳ್ಳೆಯದು.

ಮನೆಯಲ್ಲೋ ರಾಯಚೂರಿನಲ್ಲೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ಪರೀಕ್ಷೆಗಳೆಲ್ಲ ಒಂದೇ ಬಗೆಯವಲ್ಲ. ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಥೈರಾಯಿಡ್ ಇವು ಪ್ರಯಾಣವನ್ನು ಚೆನ್ನಾಗಿ ತಾಳುತ್ತವೆ. ಅವಕ್ಕೆ ಮನೆಯಲ್ಲೇ ರಕ್ತ ಕೊಟ್ಟರೆ ಅಡ್ಡಿಯಿಲ್ಲ, 61 ವರ್ಷದವರನ್ನು ಬಿಸಿಲಿನಲ್ಲಿ ಬಸ್ಸಿಗೆ ಹತ್ತಿಸಬೇಕಿಲ್ಲ. ಶುಗರಿಗೆ ಬೂದು ಮುಚ್ಚಳದ ಟ್ಯೂಬು ಕಡ್ಡಾಯ. ಅದು ಕೂಡ ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಹಿಡಿಯುವುದರಿಂದ ಒಂದಿಷ್ಟು ಇಳಿಕೆ ತಪ್ಪದು, ಆದರೆ ಐದು ಗಂಟೆ ಕಾದ ಕೆಂಪು ಟ್ಯೂಬಿಗೆ ಹೋಲಿಸಿದರೆ ಅದು ಅಲ್ಪ. ಪೊಟ್ಯಾಸಿಯಮ್ ನೋಡಬೇಕಾದಾಗ ಮಾತ್ರ ಯಂತ್ರವಿರುವ ಕಡೆಗೆ, ಇಲ್ಲವೇ ಸೆಂಟ್ರಿಫ್ಯೂಜ್ ಇರುವ ಹತ್ತಿರದ ಜಾಗಕ್ಕೆ ಅವರನ್ನೇ ಕರೆದುಕೊಂಡು ಹೋಗುವುದು ಮೇಲು. ಅದು ರಾಯಚೂರೇ ಆಗಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಪರೀಕ್ಷೆ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಇದೆ.

ಮನೆಗೆ ಬರುವವರನ್ನು ಕರೆಸುವುದಾದರೆ ಫೋನಿನಲ್ಲೇ ಎರಡು ಮಾತು ಕೇಳಿಬಿಡಿ: ನಮ್ಮ ಮನೆಯ ನಂತರ ಇನ್ನೆಷ್ಟು ಮನೆ, ಮತ್ತು ಟ್ಯೂಬನ್ನು ಎಷ್ಟು ಗಂಟೆಗೆ ಎಲ್ಲಿ ತಿರುಗಿಸುತ್ತೀರಿ. ಸಾಧ್ಯವಾದರೆ ಸುತ್ತಿನ ಕೊನೆಯ ಮನೆ ನಿಮ್ಮದಾಗಲಿ. ಲ್ಯಾಬಿನ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ಕೇಳುವುದೂ ಒಳ್ಳೆಯದೇ, ಆದರೆ ಗೋಡೆಯ ಮೇಲಿನ ಆ ಪ್ರಮಾಣಪತ್ರ ಬೈಕಿನ ಮೇಲಿನ ಚೀಲಕ್ಕೂ ಅನ್ವಯಿಸುತ್ತದೆಂದು ತಿಳಿಯಬೇಡಿ. ಸಿರಿಂಜಿನ ಬದಲು ಟ್ಯೂಬೇ ತಾನಾಗಿ ಅಳತೆಯಷ್ಟು ರಕ್ತ ಎಳೆದುಕೊಳ್ಳುವ ಸೂಜಿ ಬಳಸುವವರಾದರೆ ಒಳ್ಳೆಯದು. ಆಗ ಸುರಿಯುವ ಪ್ರಸಂಗವೇ ಬರುವುದಿಲ್ಲ. ಆ ಹುಡುಗನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ರಕ್ತ ತೆಗೆಯುವುದನ್ನು ಕಲಿಸಿ, ಯಾಕೆ ಸುರಿಯಬಾರದೆಂದು ಕಲಿಸದೆ ಕಳಿಸಿದವರ ತಪ್ಪು ಅದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬರಿಗೆ ಸಲೈನ್ ಹರಿಯುತ್ತಿದ್ದ ಅದೇ ಕೈಯಿಂದ ರಕ್ತ ತೆಗೆದು, ಬಂದ ಅಂಕಿ ನೋಡಿ ವಾರ್ಡಿಗೆಲ್ಲ ಗಾಬರಿ ಹುಟ್ಟಿಸಿದ್ದೆ. ಇನ್ನೊಂದು ಕೈಯಿಂದ ತೆಗೆಯಬೇಕೆಂದು ಹಿರಿಯ ಟೆಕ್ನಿಷಿಯನ್ ಒಬ್ಬರು ಹೇಳಿಕೊಟ್ಟದ್ದು ಅಂದೇ.

ಮೂತ್ರದ ಕಲ್ಚರಿಗೆ, ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆಗೆ, ಮೂತ್ರವನ್ನು ಮನೆಯಿಂದ ತರಬಹುದು, ಆದರೆ ತೊಳೆದ ಔಷಧದ ಬಾಟಲಿಯಲ್ಲಾಗಲಿ ಸ್ಟೀಲ್ ಡಬ್ಬಿಯಲ್ಲಾಗಲಿ ಬೇಡ. ಲ್ಯಾಬಿನಿಂದ ಮುಚ್ಚಿದ ಕ್ರಿಮಿರಹಿತ ಡಬ್ಬಿಯನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಸೋಂಕಿನ ಆ್ಯಂಟಿಬಯೋಟಿಕ್ ಗುಳಿಗೆಯ ಮೊದಲ ಡೋಸಿಗೂ ಮುಂಚೆ ಮೂತ್ರ ಕೊಡಬೇಕು. ಒಂದೆರಡು ಗುಳಿಗೆ ನುಂಗಿದ ಮೇಲೆ ಕೊಟ್ಟರೆ ಸೋಂಕಿದ್ದರೂ ಏನೂ ಬೆಳೆಯದಿರಬಹುದು. ತಾಯಿಯವರು ಸಾದಾ ನೀರಿನಿಂದ ಆ ಭಾಗವನ್ನು ಮುಂದಿನಿಂದ ಹಿಂದಕ್ಕೆ ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರವನ್ನು ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಯ ಕಾಲು ಭಾಗಕ್ಕೋ ಅರ್ಧಕ್ಕೋ ಹಿಡಿಯಬೇಕು. ಡಬ್ಬಿಯ ಒಳಗಾಗಲಿ ಮುಚ್ಚಳದ ಒಳಬದಿಗಾಗಲಿ ಬೆರಳು ತಾಕಬಾರದು. ಈ ವಿಷಯವನ್ನು ಗಂಡುಮಕ್ಕಳು ತಾಯಿಗೆ ಹೇಳಲು ಸಂಕೋಚಪಟ್ಟು ಡಬ್ಬಿಯನ್ನಷ್ಟೇ ಕೊಟ್ಟುಬಿಡುತ್ತಾರೆ. ಮನೆಯ ಹೆಣ್ಣುಮಕ್ಕಳಾದರೂ ಆಶಾ ಕಾರ್ಯಕರ್ತೆಯಾದರೂ ವಿವರವಾಗಿ ಹೇಳಲಿ.

ಹಿಡಿದ ಎರಡು ಗಂಟೆಯೊಳಗೆ ಅದು ಲ್ಯಾಬ್ ಮುಟ್ಟಬೇಕು. ಮೂತ್ರಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಅಂದರೆ ಮೂರು ಗಂಟೆಯಲ್ಲಿ ಒಂದು ಐನೂರಾಗುತ್ತದೆ. ಅದಕ್ಕೆ ಅನುಕೂಲವಾದ ಉಷ್ಣತೆ 37 ಡಿಗ್ರಿ. ನಾವು ಲ್ಯಾಬಿನಲ್ಲಿ ವಿದ್ಯುತ್ ಸುಟ್ಟು ಪೆಟ್ಟಿಗೆಯೊಳಗೆ ಕಾಯ್ದುಕೊಳ್ಳುವ ಈ ಉಷ್ಣತೆ ಬೇಸಿಗೆಯಲ್ಲಿ ನಿಮ್ಮೂರಿನ ಬೇವಿನ ಮರದ ನೆರಳಿನಲ್ಲೇ ಸಿಗುತ್ತದೆ. ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ ಸೋಂಕು ಎಂದು ಎಣಿಸುತ್ತೇವೆ. ಚರ್ಮದಿಂದ ತಗುಲಿದ ಕೆಲವೇ ಬ್ಯಾಕ್ಟೀರಿಯಾ ದಾರಿಯಲ್ಲಿ ಆ ಲಕ್ಷವನ್ನು ಮುಟ್ಟಿದರೆ ನಿಮ್ಮ ತಾಯಿಯವರು ಬೇಡದ ಔಷಧ ನುಂಗಬೇಕಾಗುತ್ತದೆ. ಎರಡು ಗಂಟೆಯೊಳಗೆ ಮುಟ್ಟಿಸಲಾಗದಿದ್ದರೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಬಹುದು, ಮೇಲಿನ ಐಸಿನ ಭಾಗದಲ್ಲಿ ಬೇಡ. ಅಲ್ಲಿಂದ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ 24 ಗಂಟೆಯೊಳಗೆ ಒಯ್ಯಿರಿ. ರಿಪೋರ್ಟಿನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ ಎಂದು ಬಂದರೆ ಅದು ಸೋಂಕಿಗಿಂತ ಹೆಚ್ಚಾಗಿ ಹಿಡಿದ ರೀತಿಯ ದೋಷ; ಮತ್ತೊಮ್ಮೆ ಕೊಡಬೇಕಾಗುತ್ತದೆ. ಬೆಳೆಯಲು ಒಂದೆರಡು ದಿನ ಬೇಕಾಗುವುದರಿಂದ ಅದೇ ಸಂಜೆ ರಿಪೋರ್ಟ್ ಕೇಳಿ ಪ್ರಯೋಜನವಿಲ್ಲ. ಭಾನುವಾರ ಲ್ಯಾಬ್ ಮುಚ್ಚಿರುವುದಾದರೆ ಶನಿವಾರ ಸಂಜೆ ಕೊಡುವುದೂ ಬೇಡ.

ಮಂಗಳವಾರದ ಆ ರಿಪೋರ್ಟನ್ನು ಹರಿದು ಎಸೆಯಬೇಡಿ. ಅದರ ಮೇಲೆ ಪೆನ್ನಿನಿಂದ 'ಮರುದಿನ ಹೊಸ ರಕ್ತದಲ್ಲಿ ಪೊಟ್ಯಾಸಿಯಮ್ 4.4, ಕ್ಯಾಲ್ಸಿಯಮ್ 9.3' ಎಂದು ಬರೆದು, ರಾಯಚೂರಿನ ರಿಪೋರ್ಟನ್ನು ಅದಕ್ಕೇ ಪಿನ್ ಹಾಕಿ ಕಡತದಲ್ಲಿಡಿ. ಇಲ್ಲವಾದರೆ ಆರು ತಿಂಗಳ ನಂತರ ಅದನ್ನು ಒಂಟಿಯಾಗಿ ನೋಡಿದ ಬೇರೊಬ್ಬ ಡಾಕ್ಟರು ಬಿ.ಪಿ. ಗುಳಿಗೆಯನ್ನೇ ಬದಲಿಸಿಬಿಡಬಹುದು.